ತಿಮ್ಮಮ್ಮ ಮರ್ರಿಮಾನು: ಹೊರಡೋಕೆ ಮುಂಚೆ ಗೊತ್ತಿರಲಿ

"ಮರ ಎಲ್ಲಪ್ಪಾ?" ಅಂದರು ಅಮ್ಮ. ಕಾರಿನಿಂದ ಇಳಿದು ಸ್ವಲ್ಪ ದೂರ ನಡೆದು ನೆರಳಲ್ಲಿ ನಿಂತಿದ್ದೆವು. ಸುತ್ತ ನೋಡಿದರೆ ಒಂದು ದೊಡ್ಡ ತೋಪು ಅಷ್ಟೇ. "ಇದೇ ಅಮ್ಮ, ಇದೆಲ್ಲಾ ಒಂದೇ ಮರ" ಅಂದೆ. ಅವರು ನಂಬಲಿಲ್ಲ. ಅವರ ತಪ್ಪೂ ಇಲ್ಲ ಬಿಡಿ, ನನಗೂ ಮೊದಲು ಹಾಗೇ ಅನ್ನಿಸಿತ್ತು.

ಆಂಧ್ರದ ಕದಿರಿಯಿಂದ ಸುಮಾರು 25 ಕಿ.ಮೀ. ದೂರದ ಹಳ್ಳಿಯಲ್ಲಿದೆ ಈ ಆಲದ ಮರ. ತೆಲುಗಿನಲ್ಲಿ ಮರ್ರಿ ಅಂದರೆ ಆಲ, ಮಾನು ಅಂದರೆ ಮರ. ನಮ್ಮ ರಾಮೋಹಳ್ಳಿಯ ದೊಡ್ಡಾಲದ ಮರ ಸುಮಾರು 3 ಎಕರೆ ಅಲ್ವಾ? ಇದು ಹತ್ತಿರ ಹತ್ತಿರ 5 ಎಕರೆ. 1989ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. ಅದಕ್ಕಾಗಿ ಓಡಾಡಿದವರು ಬೆಂಗಳೂರಿನ ಪತ್ರಕರ್ತ, ಛಾಯಾಗ್ರಾಹಕ ರಿಗ್ರೆಟ್ ಅಯ್ಯರ್.

ಬೆಂಗಳೂರಿನಿಂದ ಚಿಕ್ಕಬಳ್ಳಾಪುರ, ಬಾಗೇಪಲ್ಲಿ ದಾಟಿ, ಕೊಡಿಕೊಂಡ ಚೆಕ್‌ಪೋಸ್ಟ್ ಹತ್ತಿರ ಹೆದ್ದಾರಿ ಬಿಟ್ಟು ಗೋರಂಟ್ಲ ಮೇಲೆ ಕದಿರಿಗೆ ಹೋಗಬೇಕು. ಹೆಚ್ಚು ಕಡಿಮೆ ನಾಲ್ಕು ಗಂಟೆ ದಾರಿ. ಫೋನಿನ ಮ್ಯಾಪ್ ಹತ್ತು ನಿಮಿಷ ಉಳಿಯುತ್ತೆ ಅಂತ ಒಳದಾರಿ ತೋರಿಸಿದರೆ ನಂಬಬೇಡಿ. ನಾವು ನಂಬಿ ಕಡಲೆಕಾಯಿ ಹೊಲದ ಬದುವಿನ ಪಕ್ಕ ಸಿಕ್ಕಿಹಾಕಿಕೊಂಡೆವು, ಒಂದು ಗಂಟೆ ಹೋಯಿತು. ಕೊನೆಗೆ ಕುರಿ ಕಾಯುವವರೊಬ್ಬರು ದಾರಿ ತೋರಿಸಿದರು. ಅವರದು ತೆಲುಗು, ನಮ್ಮದು ಕನ್ನಡ, ಆದರೂ "ಮರ್ರಿಮಾನು" ಅಂದಿದ್ದೇ ಸಾಕಾಯಿತು. ಬಸ್ಸಲ್ಲಿ ಹೋಗುವವರು ಕದಿರಿವರೆಗೆ ಹೋಗಿ, ಅಲ್ಲಿಂದ ಆಟೋ ಮಾತಾಡಿಕೊಳ್ಳಿ. ವಾಪಸ್ ಬರುವ ಬಾಡಿಗೆಯನ್ನೂ ಮೊದಲೇ ಸೇರಿಸಿ ಮಾತಾಡಿ.

ಬುತ್ತಿ ಕಟ್ಟಿಕೊಂಡೇ ಹೋಗಿ. ಮರದ ಹತ್ತಿರ ಒಳ್ಳೇ ಹೋಟೆಲ್ ಸಿಗುತ್ತೆ ಅಂದುಕೊಂಡು ಹೋದ ನಮಗೆ ಮಧ್ಯಾಹ್ನ ಸಿಕ್ಕಿದ್ದು ಬಿಸ್ಕತ್ತು, ಸೋಡಾ. ನೀರನ್ನೂ ಜಾಸ್ತಿ ಇಟ್ಟುಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಂತೂ ಆ ಕಡೆ ಬಿಸಿಲು ಸಾಯಿಸುತ್ತೆ. ಶಿವರಾತ್ರಿಗೆ ಜಾತ್ರೆ ನಡೆಯುತ್ತೆ, ಮರ ನೋಡಬೇಕು ಅನ್ನುವವರು ಆ ದಿನ ಹೋಗದಿರುವುದೇ ವಾಸಿ.

ಒಳಗೆ ಹೋದ ಮೇಲೆ ಇಡೀ ಮರವನ್ನು ಒಂದೇ ಫೋಟೋದಲ್ಲಿ ಹಿಡಿಯೋ ಆಸೆ ಬಿಟ್ಟುಬಿಡಿ. ಎಲ್ಲಿ ನಿಂತರೂ ಅರ್ಧವೂ ಬರುವುದಿಲ್ಲ. ಅದರ ಬದಲು ಒಂದು ಬಿಳಲು ಹಿಡಿದು ಅದರ ಕಥೆ ನೋಡಿ. ಮೇಲಿನ ಕೊಂಬೆಯಿಂದ ಕಂದು ಬಣ್ಣದ ಎಳೆಗಳು ಜಡೆ ಬಿಚ್ಚಿದ ಹಾಗೆ ಜೋತಾಡುತ್ತಿರುತ್ತವೆ, ತುದಿ ಮಾತ್ರ ತೆಳು ಹಳದಿ. ಅದು ಮಣ್ಣು ಮುಟ್ಟಿ ಬೇರೂರಿದರೆ ದಪ್ಪವಾಗುತ್ತಾ ಹೋಗಿ ಕಂಬವಾಗುತ್ತದೆ, ಕೊಂಬೆಯ ಭಾರ ಹೊರುತ್ತದೆ. ಮರ ಇನ್ನೂ ಮುಂದಕ್ಕೆ ಕಾಲಿಡುವುದು ಹೀಗೆ. ನಾವು, ದನಕರು ಓಡಾಡುವ ಕಡೆ ಈ ಎಳೆಗಳು ನೆಲ ಮುಟ್ಟುವ ಮೊದಲೇ ಹರಿದುಹೋಗುತ್ತವೆ. ಅದಕ್ಕೇ ಅರಣ್ಯ ಇಲಾಖೆಯ ಕೆಲಸದವರು ಎಳೆ ಬಿಳಲುಗಳನ್ನು ಮಣ್ಣು ತುಂಬಿದ ಬಿದಿರಿನ ಕೊಳವೆಯೊಳಗೆ ಇಳಿಬಿಟ್ಟು ನೆಲಕ್ಕೆ ಮುಟ್ಟಿಸುತ್ತಾರೆ. ದಯವಿಟ್ಟು ಮಕ್ಕಳನ್ನು ಬಿಳಲಿಗೆ ಜೋತುಬೀಳಲು ಬಿಡಬೇಡಿ. ನನ್ನ ಮಗನೂ ಕೈ ಹಾಕಿದ್ದ, ಅಜ್ಜಿಯಿಂದ ಬೈಸಿಕೊಂಡ.

ಮಧ್ಯದಲ್ಲಿ ತಿಮ್ಮಮ್ಮನ ಪುಟ್ಟ ಗುಡಿ ಇದೆ. 1434ರಲ್ಲಿ ಗಂಡನ ಚಿತೆ ಏರಿದಳು, ಚಿತೆಗೆ ನೆಟ್ಟ ಕಂಬವೇ ಚಿಗುರಿ ಈ ಮರವಾಯಿತು ಅನ್ನುವುದು ಊರಿನವರ ನಂಬಿಕೆ. ಮಕ್ಕಳಿಲ್ಲದವರು ಬಂದು ಹರಕೆ ಹೊರುತ್ತಾರೆ. ಚಿತೆಯ ಕಥೆ ಕೇಳಿ ನನಗೆ ಕೈ ಮುಗಿಯಲು ಮನಸ್ಸು ಬರಲಿಲ್ಲ. ಅಮ್ಮ ಮುಗಿದರು, ಆಮೇಲೆ ಮೆಲ್ಲಗೆ "ಪಾಪ, ಅವಳಿಗೆ ಎಷ್ಟು ವಯಸ್ಸಿತ್ತೋ" ಅಂದರು. ಎಲೆ ಕೀಳಬಾರದು ಅನ್ನುವುದನ್ನು ಅಲ್ಲಿ ಎಲ್ಲರೂ ಪಾಲಿಸುತ್ತಾರೆ, ನೀವೂ ಪಾಲಿಸಿ.

ಎರಡು ಗಂಟೆಯಾದರೂ ಇಟ್ಟುಕೊಳ್ಳಿ. ವಾಪಸ್ ಬರುವಾಗ ಕದಿರಿಯ ಲಕ್ಷ್ಮೀನರಸಿಂಹ ದೇವಸ್ಥಾನ ಸಿಗುತ್ತೆ, ಪೇಟೆಯಲ್ಲಿ ಕದಿರಿ ಮಲ್ಲಿಗೆ ಮಾರುತ್ತಿರುತ್ತಾರೆ. ಅದೇ ದಿನ ಲೇಪಾಕ್ಷಿಯನ್ನೂ ಮುಗಿಸೋಣ ಅಂತ ಮಾತ್ರ ಹೊರಡಬೇಡಿ. ನಾವು ತಲುಪುವಷ್ಟರಲ್ಲಿ ದೇವಸ್ಥಾನದ ಬಾಗಿಲು ಹಾಕಿತ್ತು. ಅಮ್ಮ ಮಲ್ಲಿಗೆ ಮುಡಿದು ಕಾರಿನಲ್ಲೇ ನಿದ್ದೆ ಹೋಗಿದ್ದರು, ಎಬ್ಬಿಸಲಿಲ್ಲ.