ನಿಮಗೇ ಕಾಣದ ಫೋಟೋ ಯಾಕೆ ತೆಗೆಯುತ್ತೀರಿ?

ಈ ಪ್ರಶ್ನೆಯನ್ನು ಮಲ್ಪೆ ಬೀಚಿನಲ್ಲಿ ಚುರುಮುರಿ ಮಾರುವವರು ಕೇಳಿದ್ದಾರೆ. ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದ್ದಾರೆ. ಮದುವೆ ಮನೆಯಲ್ಲಿ ನೆಂಟರು ಕೇಳುತ್ತಲೇ ಇರುತ್ತಾರೆ. ಬಿಳಿ ಕೋಲು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಮೊಬೈಲ್ ಎತ್ತಿ ಫೋಟೋ ತೆಗೆಯುವವಳನ್ನು ಕಂಡರೆ ಕೇಳಬೇಕು ಅನಿಸುವುದು ಸಹಜ ಅಲ್ವಾ? ನನಗೆ ಬೇಸರವಿಲ್ಲ. ಆದರೆ ರಸ್ತೆ ಬದಿ ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಕಣ್ಣಿನ ವಿಷಯ. ನನಗಿರುವುದು ರೆಟಿನೈಟಿಸ್ ಪಿಗ್ಮೆಂಟೋಸಾ. ಹುಟ್ಟಿನಿಂದ ಬರುವ ದೋಷ, ಕಣ್ಣಿನ ಹಿಂದಿನ ಪರದೆಯ ಜೀವಕೋಶಗಳು ನಿಧಾನಕ್ಕೆ ಸಾಯುತ್ತಾ ಹೋಗುತ್ತವೆ. ಮೊದಲು ಕತ್ತಲಲ್ಲಿ ಕಾಣುವುದು ಕಷ್ಟವಾಯಿತು, ಆಮೇಲೆ ಅಕ್ಕಪಕ್ಕದ ನೋಟ ಕುಗ್ಗಿತು. ಈಗ ಬೆಳಕು ಯಾವ ಕಡೆಯಿಂದ ಬರುತ್ತಿದೆ ಅನ್ನುವ ಅಂದಾಜು ಮಾತ್ರ ಉಳಿದಿದೆ. ಕಣ್ಣು ಕಾಣದವರು ಅಂದರೆ ಪೂರ್ತಿ ಕತ್ತಲೆ ಅಂತ ತುಂಬಾ ಜನ ತಿಳಿದಿದ್ದಾರೆ. ಎಲ್ಲರಿಗೂ ಹಾಗಿಲ್ಲ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ, ಕನ್ನಡಕ ಹಾಕಿದ ಮೇಲೂ ಎರಡರಲ್ಲಿ ಹೆಚ್ಚು ಚೆನ್ನಾಗಿರುವ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆ ಇದ್ದರೆ (ಅಂದರೆ ಬೇರೆಯವರಿಗೆ 60 ಮೀಟರ್ ದೂರದಿಂದ ಕಾಣುವುದು 3 ಮೀಟರ್ ಹತ್ತಿರದಿಂದಲೂ ಕಾಣದಿದ್ದರೆ) ಅಥವಾ ನೋಟದ ಅಗಲ 10 ಡಿಗ್ರಿಗಿಂತ ಕಡಿಮೆ ಇದ್ದರೆ ಅದು ಅಂಧತ್ವವೇ. ಕೆಲವರಿಗೆ ಬಣ್ಣ ಕಾಣುತ್ತದೆ, ಕೆಲವರಿಗೆ ನೆರಳು, ಕೆಲವರಿಗೆ ಏನೂ ಇಲ್ಲ. ಈ ಮೂರೂ ತರದವರು ಫೋಟೋ ತೆಗೆಯುತ್ತಾರೆ.

ಇನ್ನು ಯಾಕೆ ಅನ್ನುವುದು. ಕಾಣದವರ ದಿನ ಬೇರೆಯವರ ಮಾತಿನ ಮೇಲೆ ನಡೆಯುತ್ತದೆ. ‘ಇಲ್ಲಿ ಮೆಟ್ಟಿಲುಂಟು.’ ‘ಬಲಗಡೆ ಗಾಡಿ ಬರ್ತಾ ಉಂಟು.’ ‘ಆಕಾಶ ಎಷ್ಟು ಚೆಂದ ಕಾಣ್ತದೆ, ಪಾಪ, ನಿಮಗೆ ನೋಡ್ಲಿಕ್ಕೆ ಆಗುದಿಲ್ಲ.’ ಯಾವುದು ನೋಡುವಂಥದ್ದು, ಯಾವುದು ಚೆಂದ, ಎಷ್ಟು ಹೇಳಿದರೆ ಸಾಕು, ಎಲ್ಲ ಇನ್ನೊಬ್ಬರದೇ ತೀರ್ಮಾನ. ಬೆಳಗಿನಿಂದ ರಾತ್ರಿವರೆಗೆ ನಾನು ಕೇಳಿಸಿಕೊಳ್ಳುವವಳು. ಫೋಟೋ ತೆಗೆಯುವಾಗ ಇದು ತಿರುಗುಮುರುಗಾಗುತ್ತದೆ. ಎಲ್ಲಿ ನಿಲ್ಲಬೇಕು, ಯಾವ ಕಡೆ ತಿರುಗಬೇಕು, ಯಾವಾಗ ಒತ್ತಬೇಕು ಅನ್ನುವುದು ನನ್ನದು. ನಾನು ತೋರಿಸುತ್ತೇನೆ, ನೀವು ನೋಡುತ್ತೀರಿ. ನನ್ನ ಊರು ನನಗೆ ಹೇಗಿದೆ ಅಂತ ನಿಮ್ಮ ಕಣ್ಣಿಗೆ ಮುಟ್ಟಿಸಲು ನನಗೆ ಸಿಕ್ಕಿರುವ ದಾರಿ ಇದು.

ಒಂದು ಉದಾಹರಣೆ ಹೇಳುತ್ತೇನೆ. ಕೃಷ್ಣಾಷ್ಟಮಿಯ ಮರುದಿನ ನಡೆಯುವ ವಿಟ್ಲಪಿಂಡಿಯ ದಿನ ಉಡುಪಿಯ ರಥಬೀದಿ. ಕಾಲಿಡಲು ಜಾಗ ಇರುವುದಿಲ್ಲ. ನಾನು ಅಂಗಡಿಯೊಂದರ ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲುತ್ತೇನೆ. ಹಿಂದಿನಿಂದ ಯಾರೂ ದೂಡುವುದಿಲ್ಲ, ಸದ್ದೂ ಜಾಸ್ತಿ ಎದುರಿನಿಂದಲೇ ಬರುತ್ತದೆ. ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿ ಹಿಡಿದರೆ ಮೊಬೈಲ್ ಎದೆಯ ಎತ್ತರದಲ್ಲಿ ನೇರವಾಗಿ ನಿಲ್ಲುತ್ತದೆ. ಹುಲಿವೇಷದ ತಂಡ ಬರುವುದು ಮೊದಲು ತಾಸೆಯ ಪೆಟ್ಟಿನಲ್ಲಿ ಗೊತ್ತಾಗುತ್ತದೆ, ಆಮೇಲೆ ಬಣ್ಣದ ವಾಸನೆಯಲ್ಲಿ, ಹತ್ತಿರ ಬಂದ ಮೇಲೆ ನೆಲಕ್ಕೆ ಬೀಳುವ ಹೆಜ್ಜೆಯಲ್ಲಿ. ಹುಲಿ ಲಾಗ ಹೊಡೆದಾಗ ಜನ ‘ಹೋ’ ಅನ್ನುತ್ತಾರೆ. ಆಗ ಒತ್ತಿದರೆ ತಡವಾಯಿತು. ಅದಕ್ಕೂ ಸ್ವಲ್ಪ ಮುಂಚೆ ಹತ್ತಿರ ನಿಂತವರ ಮಾತು ಥಟ್ಟನೆ ನಿಲ್ಲುತ್ತದೆ. ನಾನು ಕಾಯುವುದು ಅದಕ್ಕೆ.

ಹಾಗೆ ತೆಗೆದ ಒಂದು ಫೋಟೋ ನನಗೆ ತುಂಬಾ ಇಷ್ಟ. ಗೆಳತಿ ನೋಡಿ, ‘ಹುಲಿ ಸಿಕ್ಕಿಲ್ಲ ಮಾರಾಯ್ತಿ, ಡಿಲೀಟ್ ಮಾಡು’ ಅಂದಳು. ಹಾಗಾದರೆ ಏನು ಸಿಕ್ಕಿದೆ ಅಂತ ಕೇಳಿದೆ. ಅಪ್ಪನ ಹೆಗಲ ಮೇಲೆ ಕೂತ ಸಣ್ಣ ಹುಡುಗ, ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಿದ್ದಾನೆ, ಕಣ್ಣೂ ಗಟ್ಟಿಯಾಗಿ ಮುಚ್ಚಿದೆ, ಬಾಯಿ ತುಂಬ ನಗು. ಮೂಲೆಯಲ್ಲಿ ಹುಲಿಯ ಬಾಲ ಮಸುಕಾಗಿ ಉಂಟು. ನನಗೆ ಹುಲಿವೇಷ ಅಂದರೆ ಇದೇ. ಮೈಯೊಳಗೆ ಬಡಿಯುವ ಸದ್ದು. ಅದನ್ನು ನೋಡುವವರಿಗೆ ಮುಟ್ಟಿಸಲು ಇದಕ್ಕಿಂತ ಒಳ್ಳೆಯ ಫೋಟೋ ನನ್ನಲ್ಲಿಲ್ಲ. ಮಗುವಿನ ಅಪ್ಪನನ್ನು ಅಲ್ಲೇ ಕೇಳಿ, ಒಪ್ಪಿದ ಮೇಲೆಯೇ ಇಟ್ಟುಕೊಂಡೆ.

ಬೆಳಕಿಗೂ ಒಂದು ಲೆಕ್ಕ ಉಂಟು. ಸಂಜೆ ಮಲ್ಪೆಯಲ್ಲಿ ಸೂರ್ಯ ಸಮುದ್ರದ ಕಡೆ ಇರುತ್ತಾನೆ. ತೆರೆಯ ಸದ್ದಿಗೆ ಬೆನ್ನು ಹಾಕಿ ನಿಂತು, ಬಿಸಿಲು ನನ್ನ ಕುತ್ತಿಗೆಗೆ ತಾಗಿದರೆ, ಎದುರು ನಿಂತವರ ಮುಖಕ್ಕೆ ಬೆಳಕು ಬಿದ್ದಿದೆ ಅಂತ ಅರ್ಥ. ಮುಖದ ಫೋಟೋ ಬೇಕಾದರೆ ಅವರ ಒಪ್ಪಿಗೆ ಕೇಳಿ, ಕೈ ಚಾಚಿ ಹೆಗಲು ಮುಟ್ಟುತ್ತೇನೆ. ದೂರ ಎಷ್ಟು, ಎತ್ತರ ಎಷ್ಟು ಅಂತ ತಿಳಿಯುತ್ತದೆ. ಮಾತಾಡಿಸುತ್ತಲೇ ಇರುತ್ತೇನೆ, ಬಾಯಿ ಎಲ್ಲಿದೆ ಅಂತ ಅವರ ಸ್ವರವೇ ಹೇಳುತ್ತದೆ.

ಮೊಬೈಲಿನ ಸಹಾಯವೂ ಇದೆ. 2009ರಲ್ಲಿ ಐಫೋನಿಗೆ, ಪರದೆಯ ಮೇಲೆ ಇರುವುದನ್ನು ಓದಿ ಹೇಳುವ ವಾಯ್ಸ್‌ಓವರ್ ಬಂದ ಮೇಲೆ ಟಚ್ ಸ್ಕ್ರೀನ್ ನಮ್ಮ ಕೈಗೂ ಸಿಕ್ಕಿತು. ಈಗಿನ ಕ್ಯಾಮೆರಾ ಫ್ರೇಮಿನಲ್ಲಿ ಎಷ್ಟು ಮುಖ ಇವೆ, ಯಾವ ಮೂಲೆಯಲ್ಲಿವೆ ಅಂತ ಹೇಳುತ್ತದೆ. ಗೂಗಲ್ 2022ರಲ್ಲಿ ಪಿಕ್ಸೆಲ್ ಫೋನಿಗೆ ಗೈಡೆಡ್ ಫ್ರೇಮ್ ಕೊಟ್ಟಿತು, ಅದು ಫೋನನ್ನು ಎತ್ತ ಸರಿಸಬೇಕು ಅಂತಲೂ ಹೇಳುತ್ತದೆ. ಒಳ್ಳೆಯದೇ. ಆದರೆ ಯಾವ ಗಳಿಗೆ ಬೇಕು ಅನ್ನುವುದನ್ನು ಫೋನಿಗೆ ಬಿಟ್ಟುಕೊಡಲು ನನಗೆ ಇಷ್ಟವಿಲ್ಲ.

‘ಸುಮ್ನೆ ಅದೃಷ್ಟದಲ್ಲಿ ಬರುವುದಲ್ವಾ?’ ಅಂತಲೂ ಕೇಳುತ್ತಾರೆ. ಸ್ವಲ್ಪ ಹೌದು. ಕಣ್ಣಿದ್ದವರೂ ಒಂದರ ಹಿಂದೆ ಒಂದು ಹತ್ತಿಪ್ಪತ್ತು ತೆಗೆದು ಒಂದನ್ನು ಆರಿಸುತ್ತಾರೆ. ನಾನು ಆರಿಸುವಾಗ ಇಬ್ಬರ ಹತ್ತಿರ ಬೇರೆ ಬೇರೆಯಾಗಿ ವಿವರ ಕೇಳುತ್ತೇನೆ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹೇಳುತ್ತಾರೆ. ತೆಗೆಯುವಾಗ ನನ್ನ ಮನಸ್ಸಿನಲ್ಲಿದ್ದದ್ದು ಅವರ ಮಾತಿನಲ್ಲಿ ಬಂದರೆ ಆ ಫೋಟೋ ಉಳಿಯುತ್ತದೆ.

ಈ ದಾರಿಯಲ್ಲಿ ನನಗಿಂತ ಮುಂಚೆ ನಡೆದವರಿದ್ದಾರೆ. ಸ್ಲೊವೇನಿಯಾದಲ್ಲಿ 1946ರಲ್ಲಿ ಹುಟ್ಟಿದ ಎವ್ಗೆನ್ ಬಾವ್ಚಾರ್ ಬಾಲ್ಯದಲ್ಲೇ ಎರಡು ಅಪಘಾತಗಳಲ್ಲಿ ಎರಡೂ ಕಣ್ಣು ಕಳೆದುಕೊಂಡರು. ಹದಿಹರೆಯದಲ್ಲಿ ಅವರು ತೆಗೆದ ಮೊದಲ ಫೋಟೋ, ತಾವು ಮೆಚ್ಚಿದ ಹುಡುಗಿಯದು. ಬ್ರೆಜಿಲ್‌ನ ಜೊವಾವ್ ಮಾಯಾ 2016ರ ರಿಯೊ ಪ್ಯಾರಾಲಿಂಪಿಕ್ಸ್‌ನ ಆಟಗಳನ್ನು ಸದ್ದು ಹಿಡಿದು ತೆಗೆದರು. ಮುಂಬೈಯಲ್ಲಿ ಪಾರ್ಥೋ ಭೌಮಿಕ್ 2006ರಿಂದ ಕಣ್ಣು ಕಾಣದವರಿಗೆ ಫೋಟೋಗ್ರಫಿ ಕಲಿಸುತ್ತಾ ಬಂದಿದ್ದಾರೆ. ನನಗೆ ಎಲ್ಲರಿಗಿಂತ ಹತ್ತಿರದವರು ಮೆಕ್ಸಿಕೋದ ಜೆರಾರ್ಡೊ ನಿಹೆಂಡಾ. 2010ರಲ್ಲಿ ತೀರಿಕೊಂಡರು. ಅವರು ತಮ್ಮ ಫೋಟೋದ ಮೇಲೆಯೇ ಬ್ರೈಲ್‌ನಲ್ಲಿ ಬರೆಯುತ್ತಿದ್ದರು. ಕಣ್ಣಿದ್ದವರಿಗೆ ಚಿತ್ರ ಕಾಣುತ್ತದೆ, ಚುಕ್ಕಿ ಓದಲು ಬರುವುದಿಲ್ಲ. ನಮಗೆ ಚುಕ್ಕಿ ಸಿಗುತ್ತದೆ, ಚಿತ್ರ ಇಲ್ಲ. ಇಬ್ಬರೂ ಜೊತೆಗೆ ಕೂತು ಮಾತಾಡಿದರೆ ಮಾತ್ರ ಫೋಟೋ ಪೂರ್ತಿ. ಎಷ್ಟು ದೊಡ್ಡ ಮಾತು ಇದು!

ಹಾಗಾಗಿ ನನ್ನದೊಂದು ಬೇಡಿಕೆ. ನಾನು ಫೋಟೋ ತೋರಿಸಿದಾಗ ‘ಕಣ್ಣು ಕಾಣದಿದ್ದರೂ ಎಷ್ಟು ಚೆನ್ನಾಗಿ ತೆಗೆದಿದ್ದೀರಿ’ ಅನ್ನಬೇಡಿ. ಏನು ಕಾಣುತ್ತಿದೆ ಅಂತ ಹೇಳಿ. ಬೇಡದ್ದು ಏನು ಬಂದಿದೆ, ಯಾರ ತಲೆ ಕತ್ತರಿಸಿದೆ, ನಿಮ್ಮ ಕಣ್ಣು ಮೊದಲು ಎಲ್ಲಿ ಹೋಯಿತು, ಎಲ್ಲ ಹೇಳಿ. ಇಷ್ಟವಾಗದಿದ್ದರೆ ಅದನ್ನೂ ಹೇಳಿ. ನಾನು ಕಲಿಯುವುದು ಅದರಿಂದ.

ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಫೋಟೋಗ್ರಫಿ ಕಲಿಸುವವರು ಇದನ್ನು ಓದುತ್ತಿದ್ದರೆ, ಮುಂದಿನ ಕ್ಲಾಸಿಗೆ ಕಣ್ಣು ಕಾಣದ ಒಬ್ಬಿಬ್ಬರನ್ನಾದರೂ ಸೇರಿಸಿಕೊಳ್ಳಿ. ಪ್ರದರ್ಶನ ಮಾಡುವವರು ಒಂದೆರಡು ಚಿತ್ರಗಳನ್ನಾದರೂ ಮುಟ್ಟಿ ನೋಡುವ ಹಾಗೆ ಮಾಡಿಸಿ. ಅದಕ್ಕೆಂದೇ ಒಂದು ಕಾಗದ ಬರುತ್ತದೆ, ಅದರ ಮೇಲೆ ಪ್ರಿಂಟ್ ಮಾಡಿ ಬಿಸಿ ತಾಗಿಸಿದರೆ ಕಪ್ಪು ಗೆರೆಗಳು ಉಬ್ಬಿ ನಿಲ್ಲುತ್ತವೆ. ಚಿತ್ರಕ್ಕೊಂದು ಧ್ವನಿ ವಿವರಣೆಯೂ ಇರಲಿ. ನನ್ನ ಸಹಾಯ ಬೇಕಿದ್ದರೆ ಕೇಳಿ, ಖಂಡಿತ ಬರುತ್ತೇನೆ.