ಒಂದು ವೋಟು ಕಮ್ಮಿ ಬಂದ ರಾತ್ರಿ

2022ರ ನವೆಂಬರ್ 8. ಸಂಜೆ ಏಳಕ್ಕೆ ಬಾಗಿಲು ಹಾಕಿ ಅರ್ಧ ಗಂಟೆ ಆಗಿತ್ತು. ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾದ ಉತ್ತರಕ್ಕೆ ಒಂದು ಚರ್ಚಿನ ಹಾಲ್, ಅದೇ ನಮ್ಮ ಮತಗಟ್ಟೆ. ಬೆಳಗ್ಗೆ ಐದೂವರೆಯಿಂದ ನಿಂತು ಕಾಲು ಸೋತಿತ್ತು. ಮ್ಯಾನೇಜರ್ ಲೆಕ್ಕದ ಹಾಳೆ ಹಿಡಿದು ಮೂರನೇ ಸಲ ಕೂಡಿಸ್ತಿದ್ದರು. ಬಂದವರ ಹೆಸರು ದಾಖಲಿಸೋ ಚೆಕ್‌ಇನ್ ಪ್ಯಾಡ್‌ಗಿಂತ ಮತಪತ್ರ ತಗೊಳ್ಳೋ ಸ್ಕ್ಯಾನರ್ ಲೆಕ್ಕ ಒಂದು ಕಮ್ಮಿ. ಬರೀ ಒಂದು. ಆದರೂ ಯಾರೂ ಮನೆಗೆ ಹೋಗೋ ಹಾಗಿಲ್ಲ.

ಆ ಒಂದು ನನ್ನಿಂದ ಆಗಿತ್ತು. ಆಗ ನನಗೇ ನೆನಪಿರಲಿಲ್ಲ.

ನನ್ನ ದಿನದ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಮತಗಟ್ಟೆ ಕೆಲಸಕ್ಕೆ ಹೆಸರು ಕೊಟ್ಟಿದ್ದು ಆ ವರ್ಷ ಸೆಕ್ರೆಟರಿ ಆಫ್ ಸ್ಟೇಟ್ ಅನ್ನೋ ಹುದ್ದೆಗೆ ನಡೆದ ಗಲಾಟೆ ನೋಡಿ. ಜಾರ್ಜಿಯಾದಲ್ಲಿ ಚುನಾವಣೆಗೆಲ್ಲ ಮುಖ್ಯಸ್ಥರು ಸೆಕ್ರೆಟರಿ ಆಫ್ ಸ್ಟೇಟ್. ನಮ್ಮೂರಲ್ಲಾದರೆ ಮುಖ್ಯ ಚುನಾವಣಾಧಿಕಾರಿ ಅಂದರೆ ಆಯೋಗ ನೇಮಿಸಿದ ಐಎಎಸ್ ಅಧಿಕಾರಿ. ಇಲ್ಲಿ ಹಾಗಲ್ಲ, ಪಾರ್ಟಿ ಟಿಕೆಟ್ ತಗೊಂಡು ನಿಂತು ಗೆದ್ದು ಬರಬೇಕು. ಕಂಪನಿ ರಿಜಿಸ್ಟರ್ ಮಾಡೋದು, ನರ್ಸ್‌ಗಳ ಲೈಸೆನ್ಸು, ಅದೆಲ್ಲವೂ ಇದೇ ಆಫೀಸಿಗೆ ಸೇರಿದ್ದು. ಮೊದಲೆಲ್ಲ ಈ ಹುದ್ದೆ ಕಡೆ ಯಾರೂ ಅಷ್ಟಾಗಿ ತಲೆ ಹಾಕ್ತಿರಲಿಲ್ಲ.

2020ರಲ್ಲಿ ಎಲ್ಲ ಬದಲಾಯ್ತು. ಅಧ್ಯಕ್ಷ ಚುನಾವಣೆಯಲ್ಲಿ ಬೈಡನ್ ಇಲ್ಲಿ ಟ್ರಂಪ್ ಎದುರು ಗೆದ್ದಿದ್ದು 11,779 ವೋಟಿನಿಂದ. ಸುಮಾರು 50 ಲಕ್ಷ ಮತಪತ್ರಗಳನ್ನು ಕೈಯಲ್ಲೇ ಎಣಿಸಿದರು, ಆಮೇಲೂ 2021ರ ಜನವರಿ 2ರಂದು ಟ್ರಂಪ್ ಸೆಕ್ರೆಟರಿ ಬ್ರಾಡ್ ರಾಫೆನ್ಸ್‌ಪರ್ಗರ್‌ಗೆ ಫೋನ್ ಹಚ್ಚಿ 11,780 ವೋಟು ಹುಡುಕಿಕೊಡಿ ಅಂದರು. ರಾಫೆನ್ಸ್‌ಪರ್ಗರ್ ಒಪ್ಪಲಿಲ್ಲ. 2022ರ ಮೇನಲ್ಲಿ ಅಭ್ಯರ್ಥಿ ಯಾರು ಅಂತ ಆರಿಸೋ ರಿಪಬ್ಲಿಕನ್ ಪಾರ್ಟಿಯೊಳಗಿನ ಚುನಾವಣೆಯಲ್ಲೇ ಜೋಡಿ ಹೈಸ್ ಇವರ ಎದುರು ನಿಂತರು, ಟ್ರಂಪ್ ಬೆಂಬಲ ಹೈಸ್‌ಗೇ. ಆದರೂ ರಾಫೆನ್ಸ್‌ಪರ್ಗರ್ ಮೊದಲ ಸುತ್ತಿನಲ್ಲೇ ಅರ್ಧಕ್ಕಿಂತ ಜಾಸ್ತಿ ತಗೊಂಡು ಗೆದ್ದರು. ನವೆಂಬರ್‌ನಲ್ಲಿ ಎದುರಾಳಿ ಡೆಮಾಕ್ರಟಿಕ್ ಪಾರ್ಟಿಯ ಬೀ ನ್ವಿನ್, ಜೊತೆಗೆ ಲಿಬರ್ಟೇರಿಯನ್ ಪಾರ್ಟಿಯವರೊಬ್ಬರು.

ಅಪ್ಪ ತಿಪಟೂರಿನಲ್ಲಿ ರಿಟೈರ್ಡ್ ಮೇಷ್ಟ್ರು. ಮಸ್ಟರಿಂಗ್, ಡಿಮಸ್ಟರಿಂಗ್ ಅಂತ ಎಷ್ಟು ಚುನಾವಣೆ ಕಂಡವರೋ. ಫೋನಲ್ಲಿ ಇದನ್ನೆಲ್ಲ ಹೇಳಿದರೆ, "ಅಲ್ಲ ಕಣಮ್ಮ, ಚುನಾವಣೆ ನಡೆಸೋನೇ ಚುನಾವಣೆಗೆ ನಿಂತರೆ ಅಂಪೈರೇ ಬ್ಯಾಟ್ ಹಿಡಿದ ಹಾಗಾಯ್ತಲ್ಲ" ಅಂದರು. ಹೌದು, ನನಗೂ ಅದು ಸರಿ ಕಾಣಲ್ಲ. 2018ರಲ್ಲಂತೂ ಬ್ರಯನ್ ಕೆಂಪ್ ಸೆಕ್ರೆಟರಿ ಕುರ್ಚಿಯಲ್ಲಿ ಕೂತುಕೊಂಡೇ ಗವರ್ನರ್ ಸ್ಥಾನಕ್ಕೆ ನಿಂತಿದ್ದರು. ಆದರೆ ಮತಗಟ್ಟೆಯೊಳಗೆ ಒಂದು ದಿನ ಕಳೆದರೆ ಆ ಕುರ್ಚಿ ಎಷ್ಟು ದೂರ ಇದೆ ಅಂತ ಗೊತ್ತಾಗುತ್ತೆ. ಇಲ್ಲಿ ನಮ್ಮ ಜಿಲ್ಲೆಗಳ ಥರ 159 ಕೌಂಟಿಗಳಿವೆ, ಚುನಾವಣೆ ನಡೆಸೋರು, ಎಣಿಸೋರು ಕೌಂಟಿಯವರೇ. ನಾನು ಐಡಿ ನೋಡಿ ಪ್ಯಾಡ್‌ನಲ್ಲಿ ಹೆಸರು ಹುಡುಕಿ ಸಹಿ ಹಾಕಿಸಿ ಕಾರ್ಡ್ ಕೊಡ್ತೀನಿ. ಮತದಾರರು ಕಾರ್ಡ್ ಹಾಕಿ ಸ್ಕ್ರೀನ್ ಮುಟ್ಟಿ ಆರಿಸ್ತಾರೆ, ಪ್ರಿಂಟರಿಂದ ಕಾಗದ ಬರುತ್ತೆ, ಓದಿ ನೋಡಿ ತಾವೇ ಸ್ಕ್ಯಾನರ್‌ಗೆ ಹಾಕ್ತಾರೆ. ಹೋಗ್ತಾ ಪೀಚ್ ಹಣ್ಣಿನ ಸ್ಟಿಕರ್. ಚೆಕ್‌ಇನ್ ಆದವರೆಷ್ಟು, ಸ್ಕ್ಯಾನರ್ ಒಳಗೆ ಹೋದ ಕಾಗದ ಎಷ್ಟು, ರಾತ್ರಿ ಇವೆರಡೂ ತಾಳೆ ಆಗಬೇಕು.

ಆಗಲಿಲ್ಲ. ಬೂತ್‌ಗಳ ಹಿಂದೆ, ಪ್ರಿಂಟರ್ ಟ್ರೇ, ಕಸದ ಬುಟ್ಟಿ, ಎಲ್ಲ ಹುಡುಕಿದೆವು. ಒಬ್ಬರು ಮಂಡಿಯೂರಿ ಟೇಬಲ್ ಕೆಳಗೆ ಟಾರ್ಚ್ ಬಿಟ್ಟರು. ಕೊನೆಗೆ ನಮ್ಮ ಜೊತೆಗಿದ್ದ ಕಾಲೇಜು ಹುಡುಗ, "ಯಾರಾದ್ರೂ ಕಾರ್ಡ್ ವಾಪಸ್ ಕೊಟ್ಟು ಹೋದ್ರಾ?" ಅಂದ.

ಎದೆ ಧಸಕ್ ಅಂತು. ಮಧ್ಯಾಹ್ನ ಒಬ್ಬರಿಗೆ ಕಾರ್ಡ್ ಕೊಟ್ಟ ತಕ್ಷಣ ಮಗುವಿನ ಸ್ಕೂಲಿಂದ ಫೋನ್ ಬಂತು. ಆಮೇಲೆ ಬರ್ತೀನಿ ಅಂತ ಕಾರ್ಡನ್ನು ನನ್ನ ಕೈಗಿಟ್ಟು ಓಡಿದರು, ಬರಲೇ ಇಲ್ಲ. ಆಗಲೇ ಮ್ಯಾನೇಜರ್‌ಗೆ ಹೇಳಿ ಆ ಚೆಕ್‌ಇನ್ ರದ್ದು ಮಾಡಿಸಿ ಬರೆದಿಡಬೇಕಿತ್ತು. ಹಿಂದೆ ಕೋಲೂರಿಕೊಂಡು ಒಬ್ಬ ಅಜ್ಜಿ ನಿಂತಿದ್ದರು, ಅವರ ಹಿಂದೆ ಇನ್ನೂ ಹತ್ತು ಜನ. ಇವರದ್ದು ಮುಗಿಸಿ ಹೇಳೋಣ ಅಂತ ಕಾರ್ಡನ್ನು ರಾಶಿಗೆ ಸೇರಿಸಿದೆ, ಅಷ್ಟೇ, ಮರೆತೇಹೋಯ್ತು.

ಒಪ್ಪಿಕೊಂಡೆ. ಮ್ಯಾನೇಜರ್ ಬೈಯಲಿಲ್ಲ. "ಎಷ್ಟು ಹೊತ್ತಿಗೆ?" ಅಂತ ಮಾತ್ರ ಕೇಳಿದರು. "ಮೂರು ಗಂಟೆ ಇರಬಹುದು" ಅಂದೆ. ಅವರು ಅಂದಾಜು ಮೂರು ಗಂಟೆ ಅಂತಲೇ ಬರೆದು ಕೆಳಗೆ ನನ್ನ ಸಹಿ ತಗೊಂಡರು. ಆ ಅಂದಾಜು ಅನ್ನೋ ಪದ ನೋಡಿ ನಾಚಿಕೆ ಆಯ್ತು. ಟೈಮ್ ಬರೆಯದೆ ಬಗ್ ರಿಪೋರ್ಟ್ ಕಳಿಸೋ ಜೂನಿಯರ್‌ಗಳಿಗೆ ವಾರಕ್ಕೊಂದು ಸಲ ಕ್ಲಾಸ್ ತಗೊಳ್ಳೋಳು ನಾನು!

ಅಪ್ಪನಿಗೆ ಹೇಳಿದರೆ ನಕ್ಕರು. "ರಾತ್ರಿ ತನಕ ಯಾಕಮ್ಮ ಕಾದ್ರಿ? ನಾವು ಎರಡು ಗಂಟೆಗೊಮ್ಮೆ ಪರ್ಸೆಂಟೇಜ್ ಕಳಿಸಬೇಕಿತ್ತು. ಆಗಲೇ ಮತದಾರರು ಸಹಿ ಹಾಕೋ 17ಎ ರಿಜಿಸ್ಟರಿಗೂ ಮಷೀನ್ ಟೋಟಲ್‌ಗೂ ತಾಳೆ ನೋಡಿಬಿಡ್ತಿದ್ವಿ. ತಪ್ಪಿದ್ರೂ ಎರಡು ಗಂಟೆದು ಮಾತ್ರ ಹುಡುಕಿದ್ರೆ ಸಾಕು." ಹದಿನೈದು ವರ್ಷ ಟೆಸ್ಟಿಂಗ್ ಮಾಡಿದವಳಿಗೆ ಇದು ಹೊಳೆದಿರಲಿಲ್ಲ ನೋಡಿ.

ರಾಫೆನ್ಸ್‌ಪರ್ಗರ್ ಸುಮಾರು ಶೇ 53 ತಗೊಂಡು ಗೆದ್ದರು. ಆಮೇಲೆ ಎಣಿಕೆ ಸರಿಯಿದೆಯಾ ಅಂತ ನೋಡೋ ರಾಜ್ಯದ ಆಡಿಟ್‌ಗೆ ಆರಿಸಿಕೊಂಡಿದ್ದೂ ಇದೇ ಹುದ್ದೆಯ ಚುನಾವಣೆಯನ್ನು. ಯಾವ ಮತಪತ್ರದ ಕಟ್ಟುಗಳನ್ನು ಕೈಯಲ್ಲಿ ಎಣಿಸಬೇಕು ಅಂತ ತೀರ್ಮಾನ ಮಾಡೋಕೆ ಎಲ್ಲರ ಎದುರು ಹತ್ತು ಮುಖದ ದಾಳ ಉರುಳಿಸಿದರು. ಅಪ್ಪ, "ಶಕುನಿ ದಾಳ ಅಲ್ಲ ತಾನೆ?" ಅಂದರು.

ಸೆನೆಟ್ ಸೀಟಿಗೆ ಯಾರೂ ಅರ್ಧಕ್ಕಿಂತ ಜಾಸ್ತಿ ತಗೊಳ್ಳದೆ ಡಿಸೆಂಬರ್ 6ಕ್ಕೆ ರನ್‌ಆಫ್, ಅಂದರೆ ಎರಡನೇ ಸುತ್ತು. ಮತ್ತೆ ಡ್ಯೂಟಿ. ಮ್ಯಾನೇಜರ್‌ನ ಕೇಳಿ ಟೇಬಲ್ ಅಂಚಿಗೆ ಒಂದು ಹಾಳೆ ಅಂಟಿಸಿಕೊಂಡೆ. ಅಪ್ಪನ ಲೆಕ್ಕದಲ್ಲೇ ಎರಡು ಗಂಟೆಗೊಮ್ಮೆ ತಾಳೆ. ಹನ್ನೊಂದು ಗಂಟೆ ಹೊತ್ತಿಗೆ ಒಬ್ಬರು ಪರ್ಸ್ ಕಾರಲ್ಲೇ ಬಿಟ್ಟೆ ಅಂತ ಕಾರ್ಡ್ ವಾಪಸ್ ಕೊಟ್ಟು ಹೊರಟರು. ಕ್ಯೂನಲ್ಲಿ ಗೊಣಗಾಟ ಶುರುವಾಯ್ತು. ಒಂದ್ನಿಮಿಷ ಇರಿ ಅಂತ ಮ್ಯಾನೇಜರ್‌ಗೆ ಕೈ ಎತ್ತಿ, 11:04, ಕಾರ್ಡ್ ವಾಪಸ್ ಅಂತ ಬರೆದೇ ಮುಂದಿನವರನ್ನು ಕರೆದೆ. ಅವತ್ತು ರಾತ್ರಿ ಎಂಟಕ್ಕೆ ಮೊದಲೇ ಪಾರ್ಕಿಂಗ್‌ನಲ್ಲಿದ್ದೆ.