ಅಜ್ಜ, ಮೊಮ್ಮಗ, ಒಂದು ಕೆಂಪು ದೀಪ

ಬೆಳಗ್ಗೆ ವುಡ್‌ವರ್ಡ್ ಅವೆನ್ಯೂ ಸಿಗ್ನಲ್‌ನಲ್ಲಿ ನನ್ನ 1967ರ ಫೋರ್ಡ್ ಮಸ್ಟ್ಯಾಂಗ್ ಕಾರಿನ ಪಕ್ಕಕ್ಕೆ 2024ರ ಮಸ್ಟ್ಯಾಂಗ್ ಜಿಟಿ ಬಂದು ನಿಂತಿತು. ಅಮೆರಿಕದ ಕಾರುಗಳ ಊರು ಡೆಟ್ರಾಯ್ಟ್ ಕಡೆ ಇದೇನು ಅಪರೂಪವಲ್ಲ. ಆದರೂ ಅಜ್ಜನ ಪಕ್ಕ ಮೊಮ್ಮಗ ನಿಂತ ಹಾಗಿತ್ತು.

ಲೆಕ್ಕಕ್ಕೆ ಕೂತರೆ ನಾನು ಸೋತೆ. ನನ್ನ 4.7 ಲೀಟರ್ ವಿ8ಗೆ, ಅಂದರೆ ಎಂಟು ಸಿಲಿಂಡರ್ ಎಂಜಿನ್‌ಗೆ, ಅವತ್ತು ಬರೆದದ್ದು 200 ಎಚ್‌ಪಿ (ಹಾರ್ಸ್‌ಪವರ್). ಅದೂ ಆಗಿನ ಧಾರಾಳದ ಲೆಕ್ಕ, ಎಂಜಿನ್ ಒಂದನ್ನೇ ಕಾರಿನಿಂದ ಹೊರಗಿಟ್ಟು ಅಳೆದದ್ದು. ಪಕ್ಕದ ಕಾರಿನ ಹುಡುಗನದು 5 ಲೀಟರ್, 480 ಎಚ್‌ಪಿ. ನನ್ನ ನಾಲ್ಕು ಚಕ್ರಕ್ಕೂ ಹಳೇ ಥರದ ಡ್ರಮ್ ಬ್ರೇಕು, ನೆಂದರೆ ಹಿಡಿತ ಕಮ್ಮಿ. ಮಳೆ ಬಂದರೆ ಮುಂದಿನ ಕಾರಿನಿಂದ ಮಾರು ದೂರ ಇರ್ತೀನಿ.

ಅವನು ಬಟನ್ ಒತ್ತಿದರೆ ಸ್ಟಾರ್ಟ್. ನನ್ನದಕ್ಕೆ ಚಳಿಯಲ್ಲಿ ಮೊದಲು ಒಂದು ಸಲ ಆಕ್ಸಿಲರೇಟರ್ ಒತ್ತಿ ಬಿಡಬೇಕು, ಚೋಕ್ (ತಣ್ಣಗಿನ ಎಂಜಿನ್‌ಗೆ ಗಾಳಿ ಕಮ್ಮಿ ಮಾಡೋ ಮುಚ್ಚಳ) ಕೂರಬೇಕು, ಆಮೇಲೆ ಕೀ. ಇವತ್ತು ಮನೆಯಿಂದ ಹೊರಡುವಾಗ ಅವಸರಕ್ಕೆ ನಾಲ್ಕು ಸಲ ಒತ್ತಿಬಿಟ್ಟೆ. ಗಾಳಿಗೆ ಪೆಟ್ರೋಲ್ ಬೆರೆಸೋ ಕಾರ್ಬ್ಯುರೇಟರ್ ಪೆಟ್ರೋಲ್ ಕುಡಿದು ಕೂತಿತು. ಹತ್ತು ನಿಮಿಷ ಬಾನೆಟ್ ಎತ್ತಿಟ್ಟು ಸುಮ್ನೆ ನಿಂತಿದ್ದೆ. ಇದೂ ಒಂಥರಾ ಧ್ಯಾನವೇ ಅಲ್ವಾ?

ದಿನಾ ಆಫೀಸಿಗೆ ಹೋಗೋಕೆ ಯಾವುದು ಬೇಕು ಅಂದರೆ ಕಣ್ಣು ಮುಚ್ಚಿ ಹೊಸದನ್ನೇ ಕೇಳ್ತೀನಿ. ಏರ್‌ಬ್ಯಾಗ್ ಇದೆ, ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದ ಹಾಗೆ ನೋಡೋ ಎಬಿಎಸ್ ಇದೆ. ನನ್ನದರಲ್ಲಿ ಸೊಂಟಕ್ಕೊಂದು ಬೆಲ್ಟು, ಅಷ್ಟೇ. ಆದರೆ ಹೊಸದು ಕೆಟ್ಟರೆ ಬಿಚ್ಚೋಕೆ ಲ್ಯಾಪ್‌ಟಾಪ್ ಬೇಕು. ನನಗೆ ಸ್ಕ್ರೂಡ್ರೈವರ್, ಸ್ಪ್ಯಾನರ್ ಸಾಕು.

ಹಸಿರು ಬಿತ್ತು. ಆ ಹುಡುಗ ಹೊರಡಲೇ ಇಲ್ಲ. ಗ್ಲಾಸ್ ಇಳಿಸಿ, "ನೀವು ಮುಂದೆ ಹೋಗಿ, ಸೌಂಡ್ ಕೇಳಬೇಕು" ಅಂದ.

ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ತಡೆದಳು. ಪೆಟ್ರೋಲ್ ವಾಸನೆಯಂತೆ. ಜಾಕೆಟ್ ಈಗ ಗ್ಯಾರೇಜಲ್ಲಿ ನೇತಾಡ್ತಿದೆ.